ಸಿಮ್ ಎಸೆದರೆ ಬೇಹುಗಾರ ಮಾಯವಾಗುವುದಿಲ್ಲ

ಮಾನ್ಯ ಸಂಪಾದಕರೇ,

ಟಿವಿಯ ಬೇಹುಗಾರಿಕೆ ಧಾರಾವಾಹಿಗಳ ಕತೆಯಲ್ಲಿನ ತೂತುಗಳ ಬಗ್ಗೆ ಇಲ್ಲಿ ನೋಡುಗರಲ್ಲಿ ಬಿಸಿ ಚರ್ಚೆಯಿದೆ. ಹೆಚ್ಚಿನವು ಮೊಬೈಲಿನ ಸುತ್ತಲೇ ಇವೆ. ನಾಯಕ ಸಿಮ್ ಮುರಿದು ಚರಂಡಿಗೆಸೆದು, ಅದೇ ಫೋನಿಗೆ ಹೊಸ ಸಿಮ್ ತುರುಕಿ ನಿಶ್ಚಿಂತನಾಗುತ್ತಾನೆ. ಫೋನಿಗೇ 15 ಅಂಕೆಗಳ ಐಎಂಇಐ ಸಂಖ್ಯೆ ಇದೆಯಲ್ಲ! ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿ ನೋಡಿ. ಹೊಸ ಸಿಮ್‌ನಿಂದ ಕರೆ ಮಾಡಿದರೂ ಜೊತೆಗೆ ಅದೇ ಸಂಖ್ಯೆ ದಾಖಲಾಗುತ್ತದೆ.

ಕರೆ ಎಲ್ಲಿಂದ ಬಂತೆಂದು ಪತ್ತೆಹಚ್ಚಲು ಧಾರಾವಾಹಿಗಳ ಪೊಲೀಸರು ಹೇಳುವ ‘ಇನ್ನೂ 30 ಸೆಕೆಂಡ್ ಮಾತಾಡಿಸಿ’ ಎಂಬುದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೈಯಿಂದ ತಂತಿಯ ಜಾಡು ಹಿಡಿಯುತ್ತಿದ್ದ ಕಾಲದ ಮಾತು. ಈಗ ಕರೆ ಸೇರುವಾಗಲೇ ನಂಬರು, ಟವರು ಎರಡೂ ದಾಖಲು. ಆದರೆ ಟವರು ಮನೆಬಾಗಿಲು ತೋರಿಸದು. ಹಳ್ಳಿಗಳಲ್ಲಿ ಕೆಲವು ಕಿಲೋಮೀಟರ್ ಆಚೀಚೆ ಆಗುತ್ತದೆ. ತಲಪಾಡಿ ಗಡಿಯಲ್ಲಂತೂ ಕೇರಳದೊಳಗೆ ನಿಂತವರ ಫೋನು ಕರ್ನಾಟಕದ ಟವರು ಹಿಡಿಯುವುದುಂಟು. ಒಂದಿಡೀ ಕಂತಿನ ಕುತೂಹಲ ಇದರಲ್ಲೇ ಇದೆ, ಬರೆಯುವವರು ಬಳಸುತ್ತಿಲ್ಲ.

ಜಿಪಿಎಸ್ ಚಿಪ್ಪು ಉಪಗ್ರಹದ ಸಂಕೇತ ಪಡೆಯುತ್ತದೆ, ಕಳುಹಿಸುವುದಿಲ್ಲ. ಧಾರಾವಾಹಿಗಳಲ್ಲಿ ಅಂಗಿಯ ಗುಂಡಿಯೊಳಗೆ ಅಡಗಿಸುವ ಟ್ರ್ಯಾಕರಿಗೆ ತಾನಿರುವ ಜಾಗ ತಿಳಿಸಲು ಮೊಬೈಲ್ ಜಾಲ, ಬ್ಯಾಟರಿ ಬೇಕು. ಅಷ್ಟು ಪುಟ್ಟ ಬ್ಯಾಟರಿ ವಾರಗಟ್ಟಲೆ ಬಾಳದು. ಚಿತ್ರಕಥೆ ಅಂತಿಮಗೊಳಿಸುವ ಮುನ್ನ ನಿರ್ಮಾಪಕರು ಒಬ್ಬ ದೂರಸಂಪರ್ಕ ತಂತ್ರಜ್ಞರಿಗಾದರೂ ಅದನ್ನು ತೋರಿಸಲಿ.

– ಕೆಲವು ವೀಕ್ಷಕರು, ಮಂಜೇಶ್ವರ