ಉದುರಿದ ರೆಂಜೆ ಹೂವಿಗೆ 500 ರೂಪಾಯಿ ದಂಡ: ನಿಮ್ಮ ಸಸ್ಯೋದ್ಯಾನದ ಮೇಲೆ ದೂರು

ಉದ್ಯಾನದ ವ್ಯವಸ್ಥಾಪಕರಿಗೆ,

ನಮಸ್ಕಾರ. ಈ ವಿಷಯಕ್ಕೆ ನಿಮ್ಮ ಕಚೇರಿಗೆ ಫೋನ್ ಮಾಡಿ ಮಾಡಿ ಸಾಕಾಗಿದೆ. ಯಾವಾಗ ಮಾಡಿದರೂ 'ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ.' ನಿನ್ನೆ ಫೋನ್ ಎತ್ತಿದವರಂತೂ 'ಒಂದು ಹೂವಿಗೆ ಇಷ್ಟೊಂದಾ ಮೇಡಂ?' ಎಂದು ನಕ್ಕರು. ಹಾಗಾಗಿ ಈ ಪತ್ರ.

ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಬಂದಿದ್ದೆ. ಅವರು ಮಲೆನಾಡಿನ ಸಿದ್ದಾಪುರದ ಕಡೆಯವರು. ಬೆಂಗಳೂರಿನ ನಡುವೆ ನಮ್ಮ ಕಾಡಿನ ಮರಗಳೇ ಇವೆಯಂತೆ ಅಂದಾಗ ಎಷ್ಟು ಖುಷಿಪಟ್ಟಿದ್ದರು! ಟಿಕೆಟ್, ಕ್ಯಾಮೆರಾ ಶುಲ್ಕ ಎಲ್ಲ ಕಟ್ಟಿಯೇ ಒಳಗೆ ಬಂದೆವು. ರೆಂಜೆ, ಅಂದರೆ ಬಕುಲದ ಮರದ ಕೆಳಗೆ ಹೂ ಚೆಲ್ಲಿತ್ತು. ರಾತ್ರಿ ಉದುರಿದ್ದನ್ನು ಬೆಳಗ್ಗೆ ಆರಿಸುವುದು ಅಮ್ಮನಿಗೆ ಚಿಕ್ಕಂದಿನ ಅಭ್ಯಾಸ. ಹೂವಿನ ನಡುವೆ ತೂತು ಇರುತ್ತದಲ್ವಾ, ಸೂಜಿ ಬೇಡ, ಬಾಳೆನಾರಿಗೆ ಪೋಣಿಸಿದರೆ ಆಯ್ತು. ಒಣಗಿದರೂ ಘಮ ಹೋಗುವುದಿಲ್ಲ. ಒಂದು ಹಿಡಿ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು.

ಗಾರ್ಡ್ ಸೀಟಿ ಊದಿಕೊಂಡು ಓಡಿಬಂದರು.

'ಏನಮ್ಮ ಕದ್ದಿದ್ದು? ಗಂಟು ಬಿಚ್ಚು.'

'ಕದ್ದಿಲ್ಲಪ್ಪ, ಕೆಳಗೆ ಬಿದ್ದಿತ್ತು.'

'ಎಲ್ರೂ ಹಂಗೇ ಹೇಳೋದು. ಬ್ಯಾಗ್ ತೆಗಿ.'

ಅಮ್ಮನ ಬ್ಯಾಗನ್ನು ಕಲ್ಲುಬೆಂಚಿನ ಮೇಲೆ ಸುರಿದರು. ಬಿಪಿ ಮಾತ್ರೆ, ಕನ್ನಡಕದ ಡಬ್ಬಿ, ಎಲೆಅಡಿಕೆ ಸಂಚಿ, ಒಂದು ಒಳಲಂಗದ ಲಾಡಿ. ಸುತ್ತ ಜನ ನಿಂತು ನೋಡುತ್ತಿದ್ದರು. ಸೂಪರ್‌ವೈಸರ್ ಬಂದು '500 ಕಟ್ಟಿ, ಇಲ್ಲಾಂದ್ರೆ ಫೋಟೋ ತೆಗೆದು ಗೇಟಿಗೆ ಅಂಟಿಸ್ತೀವಿ' ಎಂದರು. ಅಮ್ಮ ನಡುಗುತ್ತಿದ್ದರು, ಕಟ್ಟಿದೆ. ರಸೀದಿಯಲ್ಲಿ 'ಇತರೆ' ಎಂದಷ್ಟೇ ಇದೆ. ಹೂವನ್ನು ನಮ್ಮೆದುರೇ ಕಸದ ಡಬ್ಬಿಗೆ ಹಾಕಿದರು.

ನಿಮ್ಮ ಗೇಟಿನ ಬೋರ್ಡಿನಲ್ಲಿ 'ಹೂ, ಎಲೆ ಕೀಳಬಾರದು' ಎಂದಿದೆ. ಉದುರಿದ್ದನ್ನು ಮುಟ್ಟಬಾರದು ಎಂದಿಲ್ಲ, ದಂಡದ ಮಾತೂ ಇಲ್ಲ. ಬಿದ್ದದ್ದು ಮಣ್ಣಿಗೇ ಸೇರಲಿ ಅನ್ನುವುದಾದರೆ ಹಾಗೇ ಬರೆಯಿರಿ, ಪಾಲಿಸುತ್ತೇವೆ.

ಅದೇ ಹೊತ್ತಿಗೆ ಪ್ರೀವೆಡ್ಡಿಂಗ್ ಶೂಟಿನವರು ಜಾಯಿಕಾಯಿ ಜಾತಿಯ ಕಾಡುಮರ ರಾಮಪತ್ರೆಯ ಸಸಿಗಳ ಪಾತಿಯಲ್ಲಿ ನಿಂತಿದ್ದರು. ರಾಮಪತ್ರೆ ಬೀಜ ಒಣಗಿದರೆ ಮೊಳೆಯುವುದೇ ಇಲ್ಲ. ಒಂದು ಸಸಿ ಎಬ್ಬಿಸುವ ಕಷ್ಟ ನಿಮಗೆ ನಾನು ಹೇಳಬೇಕೇ? ಅಷ್ಟು ಅವಮಾನದ ನಡುವೆಯೂ 'ಅಯ್ಯೋ, ಸಸಿ ತುಳೀತಿದಾರೆ' ಎಂದು ಸಂಕಟಪಟ್ಟವರು ಅಮ್ಮ ಒಬ್ಬರೇ. ಆ ಶೂಟಿನವರಿಗೆ ನಿಮ್ಮ ಇನ್ನೊಬ್ಬ ಗಾರ್ಡ್ ಕೊಡೆ ಹಿಡಿದಿದ್ದರು.

ಇನ್ನು ಬೋರ್ಡುಗಳು. ದಾರಿಬದಿಯ ಕಂಬದಂಥ ಮರಕ್ಕೆ 'ಸೀತಾ ಅಶೋಕ' ಎಂದು ಹಾಕಿದ್ದೀರಿ. ನಿಜವಾದ ಸೀತಾ ಅಶೋಕ ಬೇರೆಯೇ, ಕಿತ್ತಳೆ, ಕೆಂಪು ಗೊಂಚಲು ಬಿಡುವ ಮರ. ಅಳಿವಿನ ಅಪಾಯದಲ್ಲಿರುವ ಮರಗಳ ಪಟ್ಟಿಯಲ್ಲಿದೆ. ದಕ್ಷಿಣ ಅಮೆರಿಕದ ನಾಗಲಿಂಗ, ಟಬೆಬುಯಾ ಎರಡಕ್ಕೂ 'ನಮ್ಮ ನಾಡಿನ ಮರ' ಎಂಬ ಹಸಿರು ಬೋರ್ಡು. ಸಮಾಧಾನದಿಂದಲೇ ಬರೆಯಬೇಕೆಂದಿದ್ದೆ, ಆದರೆ ಇಷ್ಟು ಹೇಳದೆ ಇರಲಾರೆ: ಮುದುಕಿಯ ಸೆರಗು ತಪಾಸಣೆ ಮಾಡುವಷ್ಟು ಜನ ನಿಮ್ಮಲ್ಲಿದ್ದಾರೆ, ಮರ ಗುರುತಿಸುವವರು ಒಬ್ಬರೂ ಇಲ್ಲ.

ಅಮ್ಮನ ಹೆಸರಿಗೆ ಬರಹದಲ್ಲಿ ಕ್ಷಮೆ ಬೇಕು. ದಂಡ ಯಾವ ನಿಯಮದಡಿ ಎಂಬ ಉತ್ತರವೂ ಬೇಕು. 15 ದಿನ ಕಾಯುತ್ತೇನೆ. ಆಮೇಲೆ ಹಣ ವಾಪಸ್ ಕೊಡುತ್ತೇವೆ ಎಂದರೂ ಬಿಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ವಕೀಲರಿಲ್ಲದೆ ನಾನೇ ವಾದಿಸಬಹುದು. ರಸೀದಿ ಇದೆ, ಪಕ್ಕದಲ್ಲಿದ್ದ ಹುಡುಗಿ ತೆಗೆದ ವಿಡಿಯೋ ಇದೆ. ಅಮ್ಮನೂ ಬಂದು ಸಾಕ್ಷಿ ಹೇಳುತ್ತಾರೆ.

ಇಂತಿ,
ಟಿಕೆಟ್ ಕೊಂಡು ಒಳಗೆ ಬಂದಿದ್ದ ಗ್ರಾಹಕಿ