ಗುರುವಾರದೊಳಗೆ ಓದಿಬಿಡು

ಪುಟ್ಟೀ,

ನಿನ್ನೆ ರಾತ್ರಿ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿವೆ. 22ನೇ ವಯಸ್ಸಿಗೇ ವಿದೇಶಿ ಸಂಪಾದಕರೊಬ್ಬರು ನನ್ನ ಪಿಚ್ (ವರದಿಯ ಪ್ರಸ್ತಾವ) ಒಪ್ಪಿದ್ದಾರೆ, ಗುರುವಾರವೇ ಆ ಅಪಾಯದ ಜಾಗಕ್ಕೆ ಹೊರಡುತ್ತೇನೆ ಎಂದು ನೀನು ಓಡಿ ಬಂದು ಹೇಳಿದಾಗ ನನ್ನ ಬಾಯಲ್ಲಿ ಮೊದಲು ಬರಬೇಕಿದ್ದದ್ದು ‘ಭೇಷ್’ ಎಂಬ ಮಾತು. ಅದು ಬಿಟ್ಟು ವಿಮೆಯ ಕಾಗದ ಎಲ್ಲಿ ಅಂತ ಕೇಳಿದೆ. ಕೇಳಿದ ಹೊತ್ತು ತಪ್ಪು, ಕ್ಷಮಿಸು. ಪ್ರಶ್ನೆ ಮಾತ್ರ ತಪ್ಪಲ್ಲ.

ಆ ಮೇಲ್ ಇನ್ನೊಮ್ಮೆ ತೆಗೆದು ಓದು. ‘ವಿಷಯ ಚೆನ್ನಾಗಿದೆ, ಬರೆದು ಕಳಿಸಿ, ನೋಡೋಣ’ ಅಂತಿದೆ. ಇದು ಒಪ್ಪಿಗೆಯಲ್ಲ, ಮಗಳೇ. ಸುದ್ದಿ ಡೆಸ್ಕಿನವರು ನಾವು ಇದಕ್ಕೆ ‘ಆನ್ ಸ್ಪೆಕ್’ ಅನ್ನುತ್ತೇವೆ. ಖರ್ಚು ನಿನ್ನದು, ಅಪಾಯ ನಿನ್ನದು, ಬೇಡ ಅನ್ನುವ ಹಕ್ಕು ಅವರದು. ಇವತ್ತೇ ಉತ್ತರ ಬರೆದು ಕೇಳು: ಎಷ್ಟು ಪದ, ಎಷ್ಟು ಸಂಭಾವನೆ, ಗಡುವು ಯಾವಾಗ, ದಾರಿಖರ್ಚು ಮತ್ತು ಫಿಕ್ಸರ್‌ನ (ಅಲ್ಲಿ ಜೊತೆಗಿದ್ದು ನೆರವಾಗುವ ಸ್ಥಳೀಯ ಸಹಾಯಕ) ದಿನಗೂಲಿ ಯಾರದು, ಬರೆಸಿಕೊಂಡು ಬೇಡವೆಂದರೆ ಕೊಡುವ ಪರಿಹಾರ, ಅಂದರೆ ಕಿಲ್ ಫೀ, ಎಷ್ಟು, ಹಣ ವರದಿ ಒಪ್ಪಿದಾಗ ಬರುತ್ತದೋ ಪ್ರಕಟವಾದಾಗಲೋ. ಕೊನೆಯದನ್ನು ಸಣ್ಣದೆಂದು ಬಿಡಬೇಡ. ಒಪ್ಪಿದ ವರದಿ ತಿಂಗಳುಗಟ್ಟಲೆ ಪ್ರಕಟವಾಗದೆ ಕೂತರೆ ನಿನ್ನ ಹಣವೂ ಅದರ ಜೊತೆಗೇ ಕೂರುತ್ತದೆ. ‘ಎಲ್ಲ ಹಕ್ಕುಗಳೂ ಪ್ರಕಾಶಕರವು’ ಎಂಬ ಸಾಲು ಕಂಡರೆ, ಮೊದಲ ಪ್ರಕಟಣೆಯ ಹಕ್ಕು ಮಾತ್ರ ಕೊಡುತ್ತೇನೆ ಎಂದು ಬರೆ. ಆಗ ಅದೇ ವರದಿಯನ್ನು ಆಮೇಲೆ ಬೇರೆ ಭಾಷೆಗೆ, ಬೇರೆ ದೇಶಕ್ಕೆ ಕೊಡಬಹುದು. ಶುರುವಿನ ವರ್ಷಗಳಲ್ಲಿ ಫ್ರೀಲಾನ್ಸರ್ ಹೊಟ್ಟೆ ತುಂಬುವುದೇ ಹೀಗೆ. ಇದನ್ನೆಲ್ಲ ಕೇಳಿದರೆ ಅವಕಾಶ ಕೈತಪ್ಪುತ್ತದೆ ಅಂದೆಯಲ್ಲ, ಕೇಳಿದ್ದಕ್ಕೇ ಕೈಬಿಡುವವರು ನಾಳೆ ನೀನು ಅಲ್ಲಿ ಸಿಕ್ಕಿಬಿದ್ದರೂ ಫೋನ್ ಎತ್ತುವವರಲ್ಲ.

ವಿಮೆಯ ವಿಷಯವೂ ಅಷ್ಟೇ. ಸಾಮಾನ್ಯ ಪ್ರವಾಸದ ವಿಮೆಯಲ್ಲಿ ಯುದ್ಧ, ಗಲಭೆ ಇವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಆ ಪುಟ ಸಣ್ಣಕ್ಷರದಲ್ಲಿರುತ್ತದೆ, ಅದನ್ನೇ ಮೊದಲು ಓದು. ಗಾಯಗೊಂಡವರನ್ನು ಅಲ್ಲಿಂದ ಹೊರತರುವ ಖರ್ಚು ಸೇರಿದೆಯೇ ನೋಡು. ಫ್ರೀಲಾನ್ಸರ್‌ಗಳ ಸುರಕ್ಷತೆಗೆಂದು 2015ರ ಫೆಬ್ರವರಿಯಲ್ಲಿ ಸುದ್ದಿಸಂಸ್ಥೆಗಳೂ ಪತ್ರಕರ್ತರ ಸಂಘಟನೆಗಳೂ ಒಪ್ಪಿದ ತತ್ವಗಳಿವೆ, ಪತ್ರಕರ್ತರ ಸುರಕ್ಷತೆಗೆ ದುಡಿಯುವ ಎಕಾಸ್ ಒಕ್ಕೂಟ ನಿಂತಿರುವುದು ಅವುಗಳ ಮೇಲೆ. ಫ್ರೀಲಾನ್ಸರ್‌ನ ಸುರಕ್ಷತೆಯನ್ನು ಸಂಪಾದಕರು ತಮ್ಮ ಸಿಬ್ಬಂದಿಯದರಂತೆಯೇ ಕಾಣಬೇಕು ಅನ್ನುವುದು ಅದರಲ್ಲಿದೆ. ಪ್ರಥಮ ಚಿಕಿತ್ಸೆ ಕಲಿಯದೆ ಅಪಾಯದ ಜಾಗಕ್ಕೆ ಹೋಗಬಾರದು ಅನ್ನುವುದೂ ಇದೆ. ಅದು ನಿನಗೆ ಹೇಳಿದ್ದು.

ಈಗ ಆ ಪ್ರಥಮ ಚಿಕಿತ್ಸೆಯ ವಿಷಯ. ಯುದ್ಧದ ಚಿತ್ರಗಳನ್ನು ತೆಗೆಯುತ್ತಿದ್ದ ಫೋಟೋ ಪತ್ರಕರ್ತ ಟಿಮ್ ಹೆದರಿಂಗ್ಟನ್ ಯಾರೆಂದು ನಿನಗೆ ಹೇಳಬೇಕಿಲ್ಲ. 2011ರ ಏಪ್ರಿಲ್ 20, ಲಿಬಿಯಾದ ಮಿಸ್ರಾತಾ. ವಯಸ್ಸು 40, ಯುದ್ಧಭೂಮಿ ಹೊಸದಲ್ಲ. ಸಿಡಿದ ಚೂರು ತೊಡೆಸಂದಿಗೆ ಬಡಿಯಿತು, ಆಸ್ಪತ್ರೆಯ ದಾರಿಯಲ್ಲೇ ರಕ್ತ ಹರಿದುಹೋಗಿ ತೀರಿಕೊಂಡರು. ಜೊತೆಗಿದ್ದವರಲ್ಲಿ ಒಬ್ಬರಿಗೆ ರಕ್ತ ನಿಲ್ಲಿಸಲು ಬಂದಿದ್ದರೆ ಉಳಿಯುತ್ತಿದ್ದರೇನೋ ಎಂಬ ಕೊರಗಿನಿಂದಲೇ ಅವರ ಗೆಳೆಯ ಸೆಬಾಸ್ಟಿಯನ್ ಯುಂಗರ್ ‘ರಿಸ್ಕ್’ ಎಂಬ ತರಬೇತಿ ಸಂಸ್ಥೆ ಕಟ್ಟಿದರು. ಫ್ರೀಲಾನ್ಸರ್‌ಗಳಿಗೆ ಉಚಿತವಾಗಿ ಕಲಿಸಲೆಂದೇ ಕಟ್ಟಿದ್ದು. ತರಬೇತಿಗೆ ದುಡ್ಡೆಲ್ಲಿದೆ ಅಂದೆ ನೀನು. ರೋರಿ ಪೆಕ್ ಟ್ರಸ್ಟ್ ಫ್ರೀಲಾನ್ಸರ್‌ಗಳಿಗೆ ತರಬೇತಿಯ ನೆರವು ಕೊಡುತ್ತದೆ, ಅರ್ಜಿ ಹಾಕು. ಗುರುವಾರದ ಟಿಕೆಟ್ ಮುಂದಕ್ಕೆ ಹಾಕಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಮುಂದಕ್ಕೆ ಹಾಕುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಇಷ್ಟಾದರೂ ತಿಳಿದುಕೊಂಡು ಹೋಗು. ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ, ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡ. ಅಸಲಿಯಂತೆಯೇ ಕಾಣುವ ನಕಲಿಗಳಿವೆ, ಬಿಗಿಯುವಾಗ ಅವುಗಳ ತಿರುಗುಕಡ್ಡಿ ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ತಂದ ದಿನವೇ ಪ್ಲಾಸ್ಟಿಕ್ ಹೊದಿಕೆ ಕಿತ್ತು ಎಸೆದುಬಿಡು, ರಕ್ತ ಮೆತ್ತಿದ ಬೆರಳಿಗೆ ಅದು ಹರಿಯುವುದಿಲ್ಲ. ಕೈಗೋ ಕಾಲಿಗೋ ಗಾಯವಾಗಿದ್ದರೆ ಗಾಯದಿಂದ 5ರಿಂದ 7 ಸೆಂಟಿಮೀಟರ್ ಮೇಲೆ ಕಟ್ಟು, ಮಂಡಿ ಮೊಣಕೈಗಳ ಕೀಲಿನ ಮೇಲೆ ಬೇಡ. ಗಾಯ ಎಲ್ಲಿದೆಯೆಂದು ಹುಡುಕಲು ಹೊತ್ತಿಲ್ಲದಿದ್ದರೆ ಆದಷ್ಟು ಮೇಲಕ್ಕೆ ಕಟ್ಟು. ಪಟ್ಟಿಯನ್ನು ಮೊದಲೇ ಜಗ್ಗಿ ಸಡಿಲ ತೆಗೆದು, ಆಮೇಲೆ ಕಡ್ಡಿ ತಿರುಗಿಸು. ರಕ್ತ ನಿಲ್ಲುವವರೆಗೂ ತಿರುಗಿಸು. ಗಾಯಾಳು ಚೀರುತ್ತಾರೆ, ಆ ನೋವಿಗೆ ಹೆದರಿ ಸಡಿಲಿಸಿದರೆ ಕಟ್ಟದೇ ಇರುವುದಕ್ಕಿಂತ ಕೆಡುಕು. ಅರೆಬಿಗಿಯಲ್ಲಿ ರಕ್ತ ಒಳಗೆ ಹೋಗುತ್ತಲೇ ಇರುತ್ತದೆ, ವಾಪಸು ಬರುವ ದಾರಿ ಮಾತ್ರ ಮುಚ್ಚಿರುತ್ತದೆ, ಸೋರುವುದು ಇನ್ನೂ ಹೆಚ್ಚುತ್ತದೆ. ಒಂದಕ್ಕೆ ನಿಲ್ಲದಿದ್ದರೆ ಅದರ ಮೇಲ್ಗಡೆ ಇನ್ನೊಂದು. ಕಟ್ಟಿದ ಸಮಯವನ್ನು ಪಟ್ಟಿಯ ಮೇಲೇ ಬರೆ. ಆದ್ದರಿಂದ ಎರಡು ಟೂರ್ನಿಕೆಟ್, ಒಂದು ಮಾರ್ಕರ್ ಪೆನ್.

ಇನ್ನು ನಿನ್ನ ಮುಂದಿನ ವರ್ಷಗಳ ಮಾತು. ನಿನ್ನಲ್ಲಿ ಕಸುಬಿದೆ. ಕಳೆದ ವರದಿಯಲ್ಲಿ ಶಿಬಿರದ ಜನರ ಸಂಖ್ಯೆ ಎರಡು ಕಡೆ ಬೇರೆ ಬೇರೆ ಬಂದಾಗ, ದೊಡ್ಡ ಸಂಖ್ಯೆಯನ್ನು ಹಿಡಿದು ಶೀರ್ಷಿಕೆ ಮಾಡಲಿಲ್ಲ ನೀನು. ಒಬ್ಬರು ನೋಂದಾಯಿತರನ್ನು ಮಾತ್ರ ಎಣಿಸಿದ್ದಾರೆ, ಇನ್ನೊಬ್ಬರು ಎಲ್ಲರನ್ನೂ, ಎಂದು ಇಬ್ಬರಿಗೂ ಫೋನ್ ಮಾಡಿ ಪತ್ತೆ ಹಚ್ಚಿದೆ. ಆ ಪ್ಯಾರಾ ಓದಿ ನನಗಾದ ಹೆಮ್ಮೆಯನ್ನು ಬಾಯಿಬಿಟ್ಟು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಆದರೆ ಹೋದಲ್ಲೆಲ್ಲ ಒಂದೊಂದು ವರದಿ ಮಾಡಿ ಬರುವುದರಿಂದ ವೃತ್ತಿ ಕಟ್ಟಲಾಗದು. ವಲಸೆಯೋ, ನೀರೋ, ಗಡಿ ವ್ಯಾಪಾರವೋ, ಒಂದು ವಿಷಯವನ್ನು ಹಿಡಿದು ಮೂರು ವರ್ಷ ಬಿಡಬೇಡ. ಆ ಪ್ರದೇಶದ ಭಾಷೆಯೊಂದನ್ನು ಸಂದರ್ಶನ ಮಾಡುವಷ್ಟು ಕಲಿ. ಫ್ರಾನ್ಸಿನ ಸುದ್ದಿಸಂಸ್ಥೆ ಎಎಫ್‌ಪಿ ಒಂದೇ 6 ಭಾಷೆಗಳಲ್ಲಿ ಸುದ್ದಿ ಕೊಡುತ್ತದೆ, ಸ್ಪ್ಯಾನಿಷ್ ಅಥವಾ ಅರೇಬಿಕ್ ಬಲ್ಲ ಹುಡುಗಿಗೆ ತೆರೆಯುವ ಬಾಗಿಲು ಬರೀ ಇಂಗ್ಲಿಷಿನವಳಿಗೆ ತೆರೆಯುವುದಿಲ್ಲ. ಓದುವುದಿದ್ದರೆ ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯ ಮುನ್ನಡೆಸುವ ಎರಾಸ್ಮಸ್ ಮುಂಡಸ್ ಪತ್ರಿಕೋದ್ಯಮ ಸ್ನಾತಕೋತ್ತರವನ್ನು ನೋಡು, 2 ವರ್ಷದ್ದು, ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಓದಿಸುತ್ತಾರೆ. ಪತ್ರಕರ್ತರಿಗೆಂದೇ ಇರುವ ಹಾರ್ವರ್ಡಿನ ನೀಮನ್ ಫೆಲೋಶಿಪ್ ಈಗ ಬೇಡ, ಅದಕ್ಕೆ ಕನಿಷ್ಠ 5 ವರ್ಷದ ಪೂರ್ಣಾವಧಿ ಅನುಭವ ಬೇಕು. ಪುಲಿಟ್ಜರ್ ಸೆಂಟರ್ ಒಂದೊಂದು ವರದಿಯ ಖರ್ಚಿಗೇ ಅನುದಾನ ಕೊಡುತ್ತದೆ. ಸಂಪಾದಕರಿಗೆ ‘ಖರ್ಚು ನಾನು ತರುತ್ತೇನೆ’ ಎಂದು ಹೇಳಬಲ್ಲ ಪಿಚ್‌ಗೆ ತೂಕವೇ ಬೇರೆ.

ಪಿಚ್ ಅಂದೆ, ನಿನ್ನದು ಉದ್ದವಾಯಿತು. 300 ಪದ ದಾಟಿಸಬೇಡ. ಹೊಸದೇನು, ಈಗಲೇ ಯಾಕೆ, ಯಾರು ಮಾತಾಡಲು ಒಪ್ಪಿದ್ದಾರೆ, ಇಷ್ಟೇ. ‘ನಿರಾಶ್ರಿತರ ಸ್ಥಿತಿಗತಿ’ ಅನ್ನುವುದು ವಿಷಯ, ಸುದ್ದಿಯಲ್ಲ.

ಮತ್ತೆ ತೊಡೆಸಂದಿಗೇ ಬಂದೆ ಅಂತ ಬೇಜಾರಾಗಬೇಡ. ಅಲ್ಲಿ ಟೂರ್ನಿಕೆಟ್ ಕೂರುವುದಿಲ್ಲ, ಕಂಕುಳಲ್ಲೂ ಕೂರುವುದಿಲ್ಲ. ಹೆದರಿಂಗ್ಟನ್‌ಗೆ ಆದದ್ದು ಅಂಥ ಗಾಯ. ಅಲ್ಲಿ ಗಾಜ್ ಪಟ್ಟಿಯನ್ನು (ಗಾಯಕ್ಕೆ ಬಳಸುವ ತೆಳು ಜಾಲರಿ ಬಟ್ಟೆ) ಬೆರಳಿನಿಂದ ಗಾಯದ ಆಳಕ್ಕೆ, ರಕ್ತ ಚಿಮ್ಮುವ ಜಾಗಕ್ಕೇ ತುರುಕಬೇಕು. ಗಾಯ ತುಂಬಿ ಉಬ್ಬುವವರೆಗೆ ತುರುಕಿ, ಎರಡೂ ಕೈಯೂರಿ ಮೈಭಾರ ಬಿಟ್ಟು ಒತ್ತಬೇಕು. ರಕ್ತ ಹೆಪ್ಪುಗಟ್ಟಿಸುವ ಔಷಧ ಹಚ್ಚಿದ ಗಾಜ್ ಆದರೆ ಕನಿಷ್ಠ 3 ನಿಮಿಷ, ಬರೀ ಗಾಜ್ ಆದರೆ 10. ನಡುವೆ ಎತ್ತಿ ನೋಡಬಾರದು. ನಿಂತಿತೇ ಎಂದು ನೋಡಲು ಕೈ ತುಡಿಯುತ್ತದೆ, ನೋಡಬಾರದು. ನಿನಗೆ ಹೀಗಾದರೆ ನಿನ್ನ ಪಕ್ಕದಲ್ಲಿರುವವರಿಗೆ ಇದು ಗೊತ್ತಿರಬೇಕಲ್ಲ, ನನ್ನ ನಿದ್ದೆ ಕೆಡಿಸಿರುವುದು ಅದು. ಹೋದ ಮೊದಲ ದಿನವೇ ಫಿಕ್ಸರ್‌ಗೂ ಡ್ರೈವರ್‌ಗೂ ತೋರಿಸಿಕೊಡು, ಕಿಟ್ ಬ್ಯಾಗಿನ ಯಾವ ಜೇಬಿನಲ್ಲಿದೆ ಎಂದು ಹೇಳು. ನಿನಗೊಂದು ಹೆಲ್ಮೆಟ್ ಇದ್ದರೆ ಫಿಕ್ಸರ್‌ಗೂ ಒಂದು ಇರಲಿ. ವರದಿ ಬಂದ ಮೇಲೆ ನೀನು ವಿಮಾನ ಹತ್ತುತ್ತೀಯ, ಅವರು ಅಲ್ಲೇ ಇರುತ್ತಾರೆ. ಹೆಸರು ಹಾಕಬಹುದೇ ಎಂದು ಅವರನ್ನೇ ಕೇಳಿ ಹಾಕು.

ವೀಸಾ ಪತ್ರಕರ್ತರದ್ದೇ ಇರಲಿ. ಪ್ರವಾಸಿ ವೀಸಾದಲ್ಲಿ ವರದಿ ಮಾಡಿದರೆ ಎಷ್ಟೋ ದೇಶಗಳಲ್ಲಿ ಗಡಿಪಾರು, ಸೆರೆಮನೆ ಎರಡೂ ಇವೆ. ಗಡಿ ದಾಟುವ ಮುಂಚೆ ಫೋನಿನಲ್ಲಿ ಬೆರಳಚ್ಚು, ಮುಖದ ಬೀಗ ತೆಗೆದು ಉದ್ದನೆಯ ಪಾಸ್‌ವರ್ಡ್ ಹಾಕು, ಪೂರ್ತಿ ಆಫ್ ಮಾಡಿ ಒಯ್ಯು. ನಿನ್ನ ಫೋನಿನಲ್ಲಿರುವುದು ನಿನ್ನ ಗುಟ್ಟಷ್ಟೇ ಅಲ್ಲ, ನಿನ್ನನ್ನು ನಂಬಿ ಮಾತಾಡಿದವರ ಹೆಸರುಗಳೂ ಹೌದು.

ದಿನಕ್ಕೆರಡು ಹೊತ್ತು, ನೀನೇ ಗೊತ್ತುಮಾಡಿದ ಗಂಟೆಗೆ ಸಿಗ್ನಲ್ ಆ್ಯಪ್‌ನಲ್ಲಿ ಒಂದು ಪದ ಕಳಿಸು. ಅರ್ಧ ಗಂಟೆ ತಡವಾದರೆ ನಾನು ಯಾರಿಗೆ ಮೊದಲು ಫೋನ್ ಮಾಡಬೇಕು, ಆಮೇಲೆ ಯಾರಿಗೆ, ಎಂಬುದನ್ನು ಬರೆದುಕೊಡು. ‘ಗಾಬರಿಪಡಬೇಡ’ ಎಂದು ಬರೆಯಬೇಡ, ನಂಬರುಗಳನ್ನು ಬರೆ.

ಇನ್ನೊಂದು. ನಿನ್ನನ್ನು ಯಾರಾದರೂ ಹಿಡಿದಿಟ್ಟುಕೊಂಡರೆ, ಬದುಕಿದ್ದೀಯೆಂದು ಖಚಿತಪಡಿಸಿಕೊಳ್ಳಲು ಕೇಳುವ ಪ್ರಶ್ನೆಗಳನ್ನು ಹೋಗುವ ಮುಂಚೆ ಪತ್ರಕರ್ತರು ಬರೆದಿಟ್ಟು ಹೋಗುತ್ತಾರೆ. ನಿನಗೆ ಮಾತ್ರ ಉತ್ತರ ಗೊತ್ತಿರುವಂಥ, ಎಲ್ಲೂ ಬರೆಯದ, ಫೇಸ್‌ಬುಕ್ಕಿನಲ್ಲಿ ಸಿಗದ 3 ಪ್ರಶ್ನೆ, 3 ಉತ್ತರ. ಬರೆದು ಲಕೋಟೆಗೆ ಹಾಕಿ, ಅಂಟಿಸಿ, ನನ್ನ ಮೇಜಿನ ಮೇಲಿಡು. ತೆರೆಯುವುದಿಲ್ಲ. ನೀನು ವಾಪಸು ಬಂದ ದಿನ ಹಾಗೇ ನಿನ್ನ ಕೈಗೆ ಕೊಡುತ್ತೇನೆ.

ನಿನ್ನ
ಅಮ್ಮ