ಗೆಳೆಯನಿಗೊಂದು ಪತ್ರ: ತಡವಾದ ಪೆಟ್ಟಿಗೆಯ ಬಗ್ಗೆ

ಪ್ರಿಯ ಗೆಳೆಯಾ,

ನಿನಗೆಂದು ಒಪ್ಪಿಕೊಂಡ ಬೀಟೆ ಮರದ ಪೆಟ್ಟಿಗೆ ಇನ್ನೂ ಬಸವನಗುಡಿಯ ನಮ್ಮ ಮಹಡಿಯಲ್ಲೇ ಇದೆ. ತಡವೇಕೆಂದು ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾಲ್ಕು ಜನರ ಮುಂದೆ ಉತ್ತರ ಬರೆಯುತ್ತಿದ್ದೇನೆ. ಮೇಷ್ಟ್ರ ಛತ್ರಿಯ ವಿಷಯವನ್ನು ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಮುಚ್ಚಳದ ಮೇಲೆ ನೀನು ಕೇಳಿದ ಆನೆಯನ್ನೇ ಕೂರಿಸುತ್ತಿದ್ದೇನೆ. ತೆಳು ಹಲಗೆಯಿಂದ ಸಣ್ಣ ಗರಗಸದಲ್ಲಿ ಆಕಾರವನ್ನು ಕತ್ತರಿಸಿ, ಬೀಟೆಯ ಮೇಲಿಟ್ಟು, ಅಂಚಿನ ಗುಂಟ ಮೊನೆಯಿಂದ ಗೀರಿ, ಗೀರಿನೊಳಗಿನ ಮರವನ್ನು ಉಳಿಯಿಂದ ತೆಗೆದು, ಆ ಗುಳಿಯಲ್ಲಿ ತುಂಡನ್ನು ಅಂಟಿಸಿ ಸಮ ಮಾಡುವ ಈ ಕೆಲಸ ಕೈಗೆ ಒಗ್ಗಿದೆ, ಒಗ್ಗದಿರುವುದು ಬಣ್ಣ. ಮೈಸೂರಿನ ಕಸುಬುದಾರರಂತೆ ನಾನೂ ಮರದ ಸಹಜ ಬಣ್ಣಗಳನ್ನೇ ನೆಚ್ಚಿದ್ದೇನೆ. ಆನೆಯ ಮೈಗೆ ಹಲಸು ಹಾಕಿದ್ದೇನೆ, ಅದರ ಹಳದಿ ವರ್ಷಗಳು ಕಳೆದಂತೆ ಕಂದಿ ಬೀಟೆಯತ್ತ ಸರಿಯುತ್ತದೆ ಎಂದು ಗೊತ್ತಿದ್ದೂ. ದಂತಕ್ಕೆ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ. ಉಪ್ಪುಕಾಗದದಿಂದ ಉಜ್ಜಿದೊಡನೆ ಬೀಟೆಯ ಕರಿಪುಡಿ ಹಾಲೆಯ ಸೂಕ್ಷ್ಮ ರಂಧ್ರಗಳಿಗಿಳಿದು ಬಿಳಿಯೆಲ್ಲ ಮಬ್ಬಾಗುತ್ತದೆ. ಮೊದಲೇ ತೆಳುವಾಗಿ ಅರಗಿನ ಪಾಲಿಶ್ ಹಚ್ಚಿ, ಉಜ್ಜುವ ಬದಲು ಉಕ್ಕಿನ ತಗಡಿನಿಂದ ಹೆರೆದರೆ ತಕ್ಕಮಟ್ಟಿಗೆ ಉಳಿಯುತ್ತದೆ.

ತಕ್ಕಮಟ್ಟಿಗೆ ಉಳಿದರೆ ನನಗೇಕೆ ಸಾಲದು ಎಂಬುದು ಈಚೆಗಷ್ಟೇ ತಿಳಿಯಿತು. ಮೈಸೂರು ಅರಮನೆಯ ಅಂಬಾವಿಲಾಸದ ದಾರಿಯಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲನ್ನು ನಾವಿಬ್ಬರೂ ನೋಡಿದ್ದೇವೆ. ನಾನು ಮರದಲ್ಲಿ ಹುಡುಕುತ್ತಿರುವುದು ಆ ಬಿಳಿಯನ್ನು. 1986ರಲ್ಲಿ ನಮ್ಮ ಆನೆಗಳ ದಂತದ ವ್ಯಾಪಾರವನ್ನೂ 1991ರಲ್ಲಿ ಆಫ್ರಿಕಾದಿಂದ ತರಿಸಿದ ದಂತದ ವ್ಯಾಪಾರವನ್ನೂ ಕಾನೂನು ನಿಷೇಧಿಸಿದ್ದು ಸರಿಯೆಂದು ನಿನ್ನೊಡನೆ ರಾತ್ರಿಯಿಡೀ ವಾದಿಸಿದವನು ನಾನೇ. ಹೀಗಿದ್ದೂ, ಪರಿಚಯದವರೊಬ್ಬರ ಮನೆಯಲ್ಲಿ, ಅವರ ಅಜ್ಜನ ಕಾಲದ ಪೆಟ್ಟಿಗೆಯಿಂದ ಕಳಚಿದ ದಂತದ ಚೂರೊಂದು ಕೈಗೆ ಬಂದಾಗ, ನಾನು ಮೊದಲು ಮಾಡಿದ್ದು ಬೆರಳಿನಿಂದ ಅದರ ದಪ್ಪ ಅಳೆದದ್ದು. ನಿನ್ನ ಆನೆಗೆ ಸರಿಯಾಗಿ ಹೊಂದುತ್ತಿತ್ತು. ಸತ್ತ ಆನೆಯ ದಂತವನ್ನು ಮರದ ಆನೆಗೆ ತೊಡಿಸುವುದು ಎಂಥ ಕೆಲಸವೆಂಬುದು ಆಗ ಹೊಳೆಯಲೇ ಇಲ್ಲ. ಕಂಡದ್ದು ಅದರ ನಯವೊಂದೇ. ಹಿಂತಿರುಗಿಸಿದೆ, ನಿಜ. ಆದರೆ ಹಿಂತಿರುಗಿಸಿದ್ದು ಮನೆಯವರು ನೋಡುತ್ತಿದ್ದರೆಂದು. ಅವರು ಕಾಫಿ ತರಲು ಒಳಗೆ ಹೋಗಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಅರಣ್ಯ ಇಲಾಖೆಯವರು ಯಾರಾದರೂ ಓದುತ್ತಿದ್ದರೆ, ನಮ್ಮ ಮಹಡಿ ಹತ್ತಿ ಬಂದವರಿಗೆ ಸಿಗುವುದು ಹಾಲೆ ಮರದ ಚೂರುಗಳು ಮತ್ತು ಬೀಟೆಯ ಪುಡಿಗೆ ಸೀನುತ್ತ ಕೂತ ಒಬ್ಬ ಮಧ್ಯವಯಸ್ಕ ಮಾತ್ರ. ನಿನ್ನ ಆನೆಗೂ ಹಾಲೆಯ ದಂತವೇ ಗತಿ. ಅದು ಕೊಂಚ ಮಂಕಾಗಿ, ಬೀಡಿ ಸೇದುವವರ ಹಲ್ಲಿನಂತೆ ಕಂಡರೆ, ನಿಮ್ಮ ಮಾವನವರ ಮುಂದೆ ಮಾತ್ರ ಹಾಗೆಂದು ಹೇಳಬೇಡ. ಧಾರವಾಡಕ್ಕೆ ಕಳುಹಿಸುವ ಕೊರಿಯರ್ ಖರ್ಚು ನಿನ್ನದು.

ನಿನ್ನ,
ಬಡಗಿ